ಆರನೆಯ ಹೆಗಲು

ಐದು ಪಟ್ಟಿಗಳನ್ನು ಐವರು ಎತ್ತಿಕೊಂಡರು. ಆರನೆಯದು ಬೆಂಚಿನ ಮೇಲೇ ಉಳಿಯಿತು. ಅಂತ್ಯಕ್ರಿಯೆ ಆಫೀಸಿನ ಮನುಷ್ಯ ಅದನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. ಸೈಮಿಯ ಮುಖ ನೋಡುವ ಧೈರ್ಯವಿಲ್ಲದೆ ಕಿಟಕಿಯ ಕಡೆ ತಿರುಗಿ ನಿಂತ. ಹೊರಗೆ ಹಿಮವೂ ಅಲ್ಲದ ಮಳೆಯೂ ಅಲ್ಲದ ನವೆಂಬರಿನ ರಾಡಿ ಬೀಳುತ್ತಿತ್ತು.

ಗಟ್ಟಿ ನಾರುಬಟ್ಟೆಯ ಬಿಳಿ ಪಟ್ಟಿಗಳು ಅವು. ಒಂದು ತುದಿಯನ್ನು ಶವಪೆಟ್ಟಿಗೆಯ ಹಿಡಿಗೆ ಸಿಕ್ಕಿಸಿ, ಇನ್ನೊಂದನ್ನು ಹೆಗಲ ಮೇಲೆ ಹಾದು ಕೈಗೆ ಸುತ್ತಿಕೊಂಡು, ಈ ಬದಿ ಮೂವರು, ಆ ಬದಿ ಮೂವರು ಹೊರಬೇಕು. ಅಳಿಯ ಪೆತ್ರಿ, ಅವನ ತಮ್ಮ, ತೀರಿಹೋದ ಗಂಡ ಅಹ್ತಿಯ ಅಕ್ಕನ ಇಬ್ಬರು ಮಕ್ಕಳು, ಲ್ಯಾಬಿನಲ್ಲಿ ಅಹ್ತಿಯ ಜೊತೆಗಿದ್ದ ಮುದುಕ ಹೇಯ್ಮೊ. ಎಷ್ಟು ಸಲ ಎಣಿಸಿದರೂ ಐದೇ.

ಮಗಳು ಮಾರ್ಯಾ ತಾಯಿಯ ಪಕ್ಕ ಬಂದು ದನಿ ತಗ್ಗಿಸಿ ಹೇಳಿದಳು: "ಅಮ್ಮ, ಇವರ ಡ್ರೈವರ್ ಹೊರ್ತಾನಂತೆ. ಈಗೀಗ ಎಷ್ಟೋ ಕಡೆ ಹಾಗೇ ಮಾಡ್ತಾರಂತೆ."

"ಮಾಡ್ಲಿ. ನಿಮ್ಮಪ್ಪನ್ನ ಬಾಡಿಗೆ ಹೆಗಲು ಮುಟ್ಟೋದು ಬೇಡ."

"ಹಾಗಂದ್ರೆ ಹೇಗಮ್ಮ? ಐದು ಜನ ಎತ್ತಿದ್ರೆ ಪೆಟ್ಟಿಗೆ ವಾಲುತ್ತೆ."

"ಬರ್ತಾನೆ, ಆರನೆಯವನು," ಎಂದಳು ಸೈಮಿ. ಹಾಗೆಂದವಳಿಗೇ ನಂಬಿಕೆ ಇರಲಿಲ್ಲ.

ಬೊತ್ನಿಯಾ ಕೊಲ್ಲಿಯ ದಡದ ಆ ಊರಲ್ಲಿ ಕಾರ್ಖಾನೆಯವನು ಸತ್ತರೆ ಕಾರ್ಖಾನೆಯವರೇ ಹೊರಬೇಕು. ಯಾರೂ ಬರೆದಿಟ್ಟ ನಿಯಮವಲ್ಲ, ಆದರೆ ತಪ್ಪಿದ್ದನ್ನು ಸೈಮಿ ಕಂಡಿರಲಿಲ್ಲ. ಕುಡಿದು ಕೆಲಸ ಕಳೆದುಕೊಂಡವನನ್ನೂ ಹೊತ್ತಿದ್ದರು, ಹೆಂಡತಿಯನ್ನು ಹೊಡೆಯುತ್ತಿದ್ದವನನ್ನೂ ಹೊತ್ತಿದ್ದರು. ಅಹ್ತಿ ಪೆಲ್ತೊಲನನ್ನು ಮಾತ್ರ ಹೊರಲೊಲ್ಲರು. ಪೆಟ್ಟಿಗೆಗೆ ಬಾಡಿಗೆ ಹೆಗಲು ಕೊಟ್ಟರೆ, ಇವನು ನಮ್ಮವನಲ್ಲ ಎಂದು ಊರು ಹೇಳುತ್ತಿದ್ದುದಕ್ಕೆ ಹೆಂಡತಿಯೇ ಹೂಂಗುಟ್ಟಿದ ಹಾಗೆ. ಆ ಒಂದು ಮಾತಿಗೆ ಅವಳು ಸುತರಾಂ ಒಪ್ಪಲಾರಳು.

*

ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದುದು ಡಯಾಲ್ ಎಂಬ ದ್ರವ. ಬಣ್ಣವಿಲ್ಲ, ವಾಸನೆಯಿಲ್ಲ, ಕೈಗೆ ಸ್ವಲ್ಪ ಜಿಗುಟು. ಫಿನ್‌ಲೆಂಡಿನ ಅರ್ಧದಷ್ಟು ಬೂಟುಗಳ ಅಟ್ಟೆ, ಸೋಫಾದೊಳಗಿನ ಮೆತ್ತೆ, ಈಜುಡುಗೆಯ ಹಿಗ್ಗುವ ದಾರ ಎಲ್ಲ ಅದರಿಂದಲೇ ಎಂದು ಊರವರು ಜಂಬ ಕೊಚ್ಚಿಕೊಳ್ಳುತ್ತಿದ್ದರು. ಅದನ್ನು ಮಾಡಬೇಕಾದರೆ ಜಲಜನಕದ ಅನಿಲವನ್ನು ಲಾರಿಯ ಚಕ್ರದೊಳಗಿನ ಗಾಳಿಗಿಂತ ಮೂವತ್ತು ಪಟ್ಟು ಬಿಗಿಯಾಗಿ ಒತ್ತಿ ಉಕ್ಕಿನ ಗೋಪುರದೊಳಕ್ಕೆ ತುಂಬಬೇಕಿತ್ತು. ಆ ಕೆಲಸ ನಡೆಯುವ ಕಟ್ಟಡಕ್ಕೆ ಒತ್ತಡದ ಶೆಡ್ಡು ಎಂದು ಹೆಸರು. ಅಲ್ಲಿ ದುಡಿಯುವವರಿಗೆ ಊರಲ್ಲಿ ಒಂದು ಕೈ ಹೆಚ್ಚಿನ ಮರ್ಯಾದೆ. ಅಪ್ಪ ಶೆಡ್ಡಿನವನಾದರೆ ಮಗನೂ ಶೆಡ್ಡಿನವನೇ. ಅಲ್ಲಿನ ಕಂಪ್ರೆಸರ್‌ಗಳ ಸದ್ದಿಗೆ ನಲವತ್ತು ದಾಟುವುದರೊಳಗೆ ಎಲ್ಲರ ಕಿವಿಯೂ ಮಂದವಾಗುತ್ತಿತ್ತು. ಅದನ್ನೂ ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದರು.

ಜಲಜನಕದ ಬೆಂಕಿಗೆ ಒಂದು ಕೆಟ್ಟ ಗುಣ: ಹಗಲಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ. ಹೊಗೆಯಿಲ್ಲ, ಕೆಂಪಿಲ್ಲ. ಅದಕ್ಕೇ ಕೊಳವೆ ಎಲ್ಲಾದರೂ ಸೋರಿದ ಸಂಶಯ ಬಂದರೆ ಶೆಡ್ಡಿನವರು ಉದ್ದ ಹಿಡಿಯ ಪೊರಕೆಯನ್ನು ಮುಂದೆ ಚಾಚಿಕೊಂಡು ಹೆಜ್ಜೆ ಹೆಜ್ಜೆಯಾಗಿ ನಡೆಯುತ್ತಿದ್ದರು. ಪೊರಕೆಯ ಕಡ್ಡಿ ಹೊತ್ತಿಕೊಂಡರೆ ಅಲ್ಲಿ ಬೆಂಕಿ ಇದೆ ಎಂದರ್ಥ. ಮನೆಯಲ್ಲಿ ಪೊರಕೆ ಮುಟ್ಟದ ಗಂಡಸರು ಕಾರ್ಖಾನೆಯಲ್ಲಿ ಅದನ್ನು ಬಿಡುವುದೇ ಇಲ್ಲವಲ್ಲ ಎಂದು ಹೆಂಗಸರು ನಗುತ್ತಿದ್ದರು. ಸೈಮಿಯೂ ನಕ್ಕವಳೇ.

ಮಾರ್ಯಾಗೆ ಹಾಲುಹಲ್ಲು ಬೀಳುತ್ತಿದ್ದ ಕಾಲ. ಜೂನ್ ತಿಂಗಳ ಒಂದು ಮಧ್ಯಾಹ್ನ ರೇಯೊ ಎಂಬ ಹುಡುಗ ಪೊರಕೆ ಹಿಡಿದು ಶೆಡ್ಡಿನ ಮೂಲೆಯ ಕಡೆಗೆ ಹೊರಟಿದ್ದ. ಪಾಳಿಯ ಮುಖ್ಯಸ್ಥ ತೌನೊ ರೈಹನ ತಮ್ಮ ಅವನು. ಅಹ್ತಿ ಲ್ಯಾಬಿನಿಂದ ಅಲ್ಲಿಗೆ ಹೋಗಿದ್ದ. ಹುಡುಗ ಸ್ಯಾಂಪಲ್ ಬಾಟಲಿ ಕೊಡುವುದನ್ನೇ ಮರೆತು ಹೋಗುತ್ತಿದ್ದಾನಲ್ಲ ಎಂದು ಹಿಂದಿನಿಂದ ಕೂಗಿದ. ಅಷ್ಟೇ. ಸದ್ದಿನಲ್ಲಿ ಸರಿಯಾಗಿ ಕೇಳಿಸದೆ ರೇಯೊ ತಿರುಗಿದ, ಅವನ ಜೊತೆ ಕೈಯಲ್ಲಿದ್ದ ಪೊರಕೆಯೂ ತಿರುಗಿತು. ಏನು ಎಂದು ಕೇಳುತ್ತ ಒಂದು ಹೆಜ್ಜೆ ಹಿಂದಕ್ಕಿಟ್ಟ. ಬೆಂಕಿ ಯಾರಿಗೂ ಕಾಣಲಿಲ್ಲ. ರೇಯೊ ಉರಿಯುವುದು ಮಾತ್ರ ಕಂಡಿತು.

ತೌನೊ ಬರಿಗೈಯಲ್ಲೇ ಅವನನ್ನು ಎಳೆದು ಹಾಕಿದ. ಹುಡುಗ ಉಳಿಯಲಿಲ್ಲ. ತೌನೊನ ಎರಡೂ ಅಂಗೈ ಸುಟ್ಟು, ಚರ್ಮ ಬಿಗಿದುಕೊಂಡು, ಗೆರೆಗಳೇ ಇಲ್ಲದಂತಾದವು.

ಕೂಗಿದವನು ಅಹ್ತಿ ಎಂದು ಊರಿಗೆಲ್ಲ ಗೊತ್ತಿತ್ತು. ತೌನೊ ಒಂದು ದಿನವಾದರೂ ಅದನ್ನು ಅವನ ತಲೆಗೆ ಕಟ್ಟಲಿಲ್ಲ. ಇಬ್ಬರ ಮನೆಯೂ ಅಕ್ಕಪಕ್ಕ, ದೋಣಿ ಕಟ್ಟುವುದು ಒಂದೇ ದಡದಲ್ಲಿ, ಶನಿವಾರದ ಸೌನಾ ಎಂಬ ಬಿಸಿ ಆವಿಸ್ನಾನ ಒಟ್ಟಿಗೇ. ತಮ್ಮನ ಮಣ್ಣಾದ ಮರು ಶನಿವಾರವೂ ತೌನೊ ಟವೆಲ್ ಹೆಗಲಿಗೆ ಹಾಕಿಕೊಂಡು ಬಂದಿದ್ದ, ಎರಡೂ ಕೈಗೆ ಬ್ಯಾಂಡೇಜು ಸುತ್ತಿಕೊಂಡು. ಅಹ್ತಿಯೇ ಅವನ ಬೆನ್ನಿಗೆ ನೀರು ಹೊಯ್ದಿದ್ದ.

*

ಚರ್ಚಿನ ಗಂಟೆ ಮೊಳಗಿತು. ಸೈಮಿ ಮುಂದಿನ ಸಾಲಿನಲ್ಲಿ ಕುಳಿತು ಹಿಂದಿರುಗಿ ನೋಡಬಾರದೆಂದುಕೊಂಡಳು, ನೋಡಿಯೇಬಿಟ್ಟಳು. ಶೆಡ್ಡಿನವರು ಬಂದಿದ್ದರು. ಕೊನೆಯ ಎರಡು ಸಾಲು ತುಂಬ ಕರಿ ಕೋಟುಗಳು. ಯಾರ ಸಾವಿಗಾದರೂ ನಿವೃತ್ತರ ಸಂಘದವರು ಬರುವುದು ಪದ್ಧತಿ, ಹೂಮಾಲೆ ಇಡುವುದು ಪದ್ಧತಿ. ಸಂಘದ ಅಧ್ಯಕ್ಷ ತೌನೊ ಅಂಚಿನಲ್ಲಿ ಮಾಲೆಯನ್ನು ಮೊಣಕಾಲ ಮೇಲಿಟ್ಟುಕೊಂಡು ಕುಳಿತಿದ್ದ. ಕಿವಿಯ ಯಂತ್ರ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಿದ್ದ. ಆರ್ಗನ್ ನುಡಿದರೆ ಅದು ಕಿವಿಯೊಳಗೆ ಕಿರುಚುತ್ತದೆಂದು ಅವನು ಚರ್ಚಿನಲ್ಲಿ ಯಾವಾಗಲೂ ಹಾಗೆ ಮಾಡುವವನೇ. ಯಂತ್ರವಿಲ್ಲದಿದ್ದರೆ ಅವನಿಗೆ ತನ್ನ ದನಿಯೂ ಕೇಳಿಸದು.

ಹೋದ ವಾರ ಸೈಮಿ ಮಾನ ಬಿಟ್ಟು ಅವನ ಬಾಗಿಲಿಗೆ ಹೋಗಿದ್ದಳು. ಹನ್ನೊಂದು ವರ್ಷದ ಮೇಲೆ ಆ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಅವನು ಒಳಗೆ ಕರೆದ, ಕಾಫಿ ಇಟ್ಟ. ಕಾಫಿಗೆ ಇಲ್ಲವೆನ್ನುವಷ್ಟು ಹಗೆ ಆ ಊರಲ್ಲಿ ಯಾರಿಗೂ ಇಲ್ಲ. ಇವಳು ಸುತ್ತಿಬಳಸದೆ ಕೇಳಿದಳು. ಅವನು ಬಟ್ಟಲನ್ನು ಅವಳ ಕಡೆ ಸರಿಸಿದ.

"ಮಾಲೆ ಸಂಘದ್ದು, ತರ್ತೀನಿ," ಅಂದ. "ಹೆಗಲು ನಂದು. ಅದನ್ನ ಕೇಳ್ಬೇಡ ಸೈಮಿ."

ಅವಳಿಗೆ ಮೈಯೆಲ್ಲ ಉರಿದಿತ್ತು. ಅಹ್ತಿ ಸತ್ತದ್ದು ದೋಣಿ ಎಳೆಯುವಾಗ. ಚಳಿಗಾಲಕ್ಕೆ ಮುಂಚೆ ದೋಣಿಯನ್ನು ದಡದ ಮೇಲಕ್ಕೆ ಎಳೆದು ಮಗುಚಿ ಹಾಕುವುದು ಇಬ್ಬರು ಮಾಡುವ ಕೆಲಸ. ಮೊದಲೆಲ್ಲ ಇವನ ದೋಣಿಗೆ ಅವನು, ಅವನ ದೋಣಿಗೆ ಇವನು. ಮಾತು ಬಿಟ್ಟ ಮೇಲೆ ಅಹ್ತಿ ಪ್ರತಿ ಅಕ್ಟೋಬರಿನಲ್ಲೂ ಒಬ್ಬನೇ ಹಲ್ಲು ಕಚ್ಚಿ ಎಳೆಯುತ್ತಿದ್ದ. ಅಳಿಯನನ್ನು ಕರೆಯಿರಿ ಎಂದರೆ ಕೇಳುತ್ತಿರಲಿಲ್ಲ. ಈ ಸಲ ಸೈಮಿ ಊಟಕ್ಕೆ ಕರೆಯಲು ಹೋದಾಗ ಹಗ್ಗ ಕೈಯಲ್ಲೇ ಇತ್ತು, ಮುಖ ಮರಳಿನಲ್ಲಿತ್ತು. ಹೃದಯ ಎಂದರು ಡಾಕ್ಟರು. ಆ ಕಡೆಯ ಅಂಚಿಗೆ ತೌನೊ ಕೈ ಕೊಟ್ಟಿದ್ದರೆ ಗಂಡ ಇನ್ನೂ ಇರುತ್ತಿದ್ದ ಎನ್ನುವುದು ಅವಳ ಮನಸ್ಸಿನಲ್ಲಿ ಮುಳ್ಳಿನಂತೆ ಕೂತುಬಿಟ್ಟಿತ್ತು. ಅದನ್ನು ಅಂದು ಅವನ ಅಡುಗೆಮನೆಯಲ್ಲಿ ಹೇಳಿಬಿಡಬೇಕೆಂದು ಬಾಯಿ ತೆರೆದವಳು, ಕಾಫಿ ಕುಡಿದು ಎದ್ದು ಬಂದಿದ್ದಳು.

*

ರೇಯೊ ಹೋದ ಮೇಲೆ ಅಹ್ತಿ ಬೇರೆಯೇ ಮನುಷ್ಯನಾದ. ರಜೆಗೆ ಹೋಗುವುದು ನಿಂತಿತು. ಮಗಳ ಶಾಲೆಯ ಕಾರ್ಯಕ್ರಮಗಳಿಗೆ ಸೈಮಿ ಒಬ್ಬಳೇ ಹೋದಳು. ಜಲಜನಕವನ್ನು ಒತ್ತಿ ತುಂಬದೆ ಡಯಾಲ್ ಮಾಡುವ ದಾರಿ ಹುಡುಕಬೇಕು, ಬೇರೇನೂ ಬೇಡ. ಮೇಲಿನವರು ಮೊದಲು ನಕ್ಕರು, ಆಮೇಲೆ ಒಂದು ಮೂಲೆಯ ಮೇಜು ಕೊಟ್ಟು ಮರೆತರು.

ಉಗುರಿನ ಬಣ್ಣ ಒರೆಸುವ ದ್ರವದ ವಾಸನೆ ಹೊತ್ತು ಮನೆಗೆ ಬರುತ್ತಿದ್ದ. ಹೆಂಗಸಿನ ಸಹವಾಸವೇನಾದರೂ ಮಾಡಿದ್ದೀಯಾ ಎಂದು ಸೈಮಿ ಕೆಣಕಿದಾಗ ಒಂದು ಸಂಜೆ ಕೂತು ವಿವರಿಸಿದ. ಜಲಜನಕವನ್ನು ಹೊರಗಿನಿಂದ ತುಂಬಬೇಕಾಗಿಯೇ ಇಲ್ಲವಂತೆ. ಗಾಯ ಒರೆಸುವ ಸಾಧಾರಣ ಸ್ಪಿರಿಟ್ಟಿನೊಳಗೇ ಅದು ಇದೆ. ತಾಮ್ರ ಬೆರೆಸಿದ ಒಂದು ಪುಡಿ ಹಾಕಿ ಬಿಸಿ ಮಾಡಿದರೆ, ಆ ಪುಡಿ ಸ್ಪಿರಿಟ್ಟಿನ ಕೈಯಿಂದ ಜಲಜನಕ ಇಸಿದುಕೊಂಡು ಡಯಾಲ್ ಆಗಬೇಕಾದ ವಸ್ತುವಿನ ಕೈಗೆ ಕೊಡುತ್ತದೆ. ಉಳಿದದ್ದಕ್ಕೇ ಆ ವಾಸನೆ. ಒತ್ತಡವಿಲ್ಲ, ಕಂಪ್ರೆಸರ್ ಇಲ್ಲ, ಕಾಣದ ಬೆಂಕಿ ಇಲ್ಲ.

"ಅಂದ್ರೆ ನಿನ್ನ ಪುಡಿ ದಲ್ಲಾಳಿ ಅನ್ನು," ಎಂದಳು ಸೈಮಿ ಆಲೂಗಡ್ಡೆ ಸುಲಿಯುತ್ತ.

"ಹೂಂ. ತನಗೇನೂ ಇಟ್ಕೊಳ್ಳದ ದಲ್ಲಾಳಿ."

"ಅಂಥವನು ಬಹಳ ದಿನ ಬಾಳಲ್ಲ ಬಿಡು, ಮಾರಾಯ."

ತಮಾಷೆಗೆ ಆಡಿದ ಮಾತು ನಿಜವಾಯಿತು. ಪುಡಿ ವಾರದೊಳಗೆ ಸತ್ತುಹೋಗುತ್ತಿತ್ತು. ಬೆಂಕಿ ಹೊತ್ತುವ ವಸ್ತು ಸ್ಪಿರಿಟ್ಟೂ ಹೌದು, ಅದಕ್ಕೂ ಎಚ್ಚರ ಬೇಕು. ಆದರೆ ಅದು ಉರಿದರೆ ಕಣ್ಣಿಗೆ ಕಾಣುತ್ತದೆ, ಓಡಬಹುದು ಎನ್ನುತ್ತಿದ್ದ. ಪುಡಿ ಸಾಯದಂತೆ ಮಾಡುವುದರಲ್ಲೇ ಅಹ್ತಿಯ ತಲೆ ಪೂರ್ತಿ ಬೆಳ್ಳಗಾಯಿತು. ಕೊನೆಗೊಮ್ಮೆ ಆಯಿತು. ಹೊಸ ಕಟ್ಟಡ ಎದ್ದಿತು. ಅಹ್ತಿ ಕೇಳಿಕೊಂಡದ್ದು, ಶೆಡ್ಡಿನೊಳಗೆ ಇನ್ನು ಯಾರೂ ಸಾಯದಿರಲಿ ಎಂದು. ಆಡಳಿತದವರು ಕೇಳಿಸಿಕೊಂಡದ್ದು, ಇಷ್ಟೊಂದು ಜನ ಇನ್ನು ಬೇಕಾಗಿಲ್ಲ ಎಂದು. ಹೊಸ ಕಟ್ಟಡದಲ್ಲಿ ಪರದೆಯ ಮುಂದೆ ಪಾಳಿಗೆ ಇಬ್ಬರು ಕೂತರೆ ಸಾಕಿತ್ತು. ಒತ್ತಡದ ಶೆಡ್ಡಿಗೆ ಬೀಗ ಬಿತ್ತು. ತೌನೊನ ಮಗ ಸಮುಲಿ ಆ ಬೇಸಿಗೆಯಲ್ಲೇ ಶೆಡ್ಡಿಗೆ ಸೇರುವವನಿದ್ದ. ಸ್ವೀಡನ್ನಿಗೆ ಹೊರಟುಹೋದ.

ಆ ಶನಿವಾರ ತೌನೊ ಟವೆಲ್ ಇಲ್ಲದೆ ಬಂದ. ಸೌನಾದ ಜಗಲಿಯ ಮೇಲೆ ನಿಂತೇ ಮಾತಾಡಿದ. ಸೈಮಿಗೆ ಅಡುಗೆಮನೆಯ ತನಕ ಕೇಳಿಸಿತು.

"ನನ್ನ ತಮ್ಮನ ಹೆಸರು ಹೇಳ್ಕೊಂಡು ನಮ್ಮೆಲ್ಲರ ಹೊಟ್ಟೆ ಮೇಲೆ ಹೊಡೆದೆ ನೀನು."

"ಎಲ್ಲಾರೂ ಬದುಕಿದೀರಲ್ಲ, ತೌನೊ."

"ಬದುಕಿ ಏನ್ ಮಾಡೋದು? ನೊಣ ಹೊಡೀತಾ ಕೂತ್ಕೊಳ್ಳೋದಾ?"

ಅಹ್ತಿ ಸೌನಾದ ಒಲೆಗೆ ಕಟ್ಟಿಗೆ ಹಾಕಲು ಒಳಗೆ ಹೋದ. ಅವನು ಮಾತಿನ ಮನುಷ್ಯನೇ ಅಲ್ಲ. ಅಂದಿನಿಂದ ಅಂಗಡಿಯಲ್ಲಿ ಸೈಮಿ ಸಾಲಿನಲ್ಲಿ ನಿಂತರೆ ಮುಂದಿದ್ದವರು ಹಿಂದಿರುಗಿ ಮಾತಾಡಿಸುವುದು ನಿಂತಿತು. ಯಾರೂ ಬೈಯಲಿಲ್ಲ. ಬೈದಿದ್ದರೆ ತಿರುಗಿ ಎರಡು ಮಾತು ಆಡಬಹುದಿತ್ತು. ಗಂಡ ಒಳ್ಳೆಯದನ್ನೇ ಮಾಡಿದ ಎಂದು ಅವಳಿಗೆ ಗೊತ್ತಿತ್ತು. ಆದರೂ ಕೆಲವು ದಿನ, ಆ ಪುಡಿ ಹಾಳಾಗಿಹೋಗಬಾರದಿತ್ತೇ ಎಂದು ಅವಳೂ ಶಪಿಸಿದ್ದುಂಟು. ಯಾರ ಜೀವ ಉಳಿಯಿತೆಂದು ತೋರಿಸಲು ಅವಳ ಬಳಿ ಏನಿತ್ತು? ಸತ್ತವನ ಹೆಸರನ್ನು ಕಲ್ಲಿನ ಮೇಲೆ ಕೆತ್ತಬಹುದು. ಸಾಯದೇ ಉಳಿದವರು ಬೆಳಿಗ್ಗೆ ಎದ್ದು ಕಾಫಿ ಕುಡಿದು ಅಹ್ತಿಯನ್ನು ಬೈದುಕೊಳ್ಳುತ್ತಿದ್ದರು.

*

ಪ್ರಾರ್ಥನೆ ಮುಗಿಯಿತು. ಪಾದ್ರಿಯಮ್ಮ ಮೂರು ಸಲ ಪೆಟ್ಟಿಗೆಯ ಮೇಲೆ ಮಣ್ಣು ಹಾಕಿದಳು. ಹೂವಿಡುವ ಸರದಿ ಬಂತು. ಹೂ ತಂದವರು ಒಬ್ಬೊಬ್ಬರಾಗಿ ಪೆಟ್ಟಿಗೆಯ ಬಳಿ ಹೋಗಿ, ಅದರ ಮೇಲೆ ಬರೆಸಿದ್ದನ್ನು ಎಲ್ಲರಿಗೂ ಕೇಳುವಂತೆ ಓದಿ ಇಡಬೇಕು. ಸೈಮಿ ಓದಿದಳು, ಮಾರ್ಯಾ ಅರ್ಧ ಓದಿ ಅತ್ತಳು, ಹೇಯ್ಮೊ ಕನ್ನಡಕ ಮರೆತು ಬಂದು ಪೆತ್ರಿಯಿಂದ ಓದಿಸಿದ. ಕಡೆಯಲ್ಲಿ ತೌನೊ ಎದ್ದ.

ಮಾಲೆ ಹಿಡಿದು ನಡುವಿನ ದಾರಿಯಲ್ಲಿ ನಡೆದುಬಂದ. ಬಗ್ಗಿ ಅದನ್ನು ಪೆಟ್ಟಿಗೆಗೆ ಆನಿಸಿ, ರಿಬ್ಬನ್ ನೇರ ಮಾಡಿ, ಕಂಪ್ರೆಸರ್ ಪಕ್ಕ ನಿಂತವನ ಹಾಗೆ ಗಟ್ಟಿಯಾಗಿ ಓದಿದ: "ಕಡೆಯ ಪಾಳಿ ಮುಗಿಯಿತು. ಕಾರ್ಖಾನೆಯ ನಿವೃತ್ತರ ಸಂಘ." ಎಲ್ಲರಿಗೂ ಇದೇ ಮಾತು, ಹೆಸರೂ ಇರುವುದಿಲ್ಲ. ಇನ್ನು ತಲೆ ಬಗ್ಗಿಸಿ ವಾಪಸು ಹೋಗಬೇಕು.

ಅವನು ಹೋಗಲಿಲ್ಲ. ಪೆಟ್ಟಿಗೆಯ ಮೇಲೆ ಒಂದು ಕೈಯಿಟ್ಟು, ತಲೆಯನ್ನು ಮುಚ್ಚಳದ ಹತ್ತಿರಕ್ಕೆ ತಂದು, ಪಿಸುಗುಟ್ಟಿದ. ಪಿಸುಗುಟ್ಟುತ್ತಿದ್ದೇನೆ ಎಂದು ಅವನು ತಿಳಿದಿದ್ದ. ಕಿವಿಯ ಯಂತ್ರ ಜೇಬಿನಲ್ಲಿತ್ತು. ಅವನ ಒಂದೊಂದು ಮಾತೂ ಕೊನೆಯ ಸಾಲಿನವರೆಗೆ ಹೋಯಿತು.

"ಹಾಳಾದವ್ನೇ. ಒಬ್ನೇ ಯಾಕೋ ಎಳೆಯೋಕ್ ಹೋದೆ ಆ ದೋಣೀನ?"

ಸೈಮಿ ತಲೆ ಎತ್ತಿದಳು. ತೌನೊ ನಿಲ್ಲಿಸಲಿಲ್ಲ.

"ಸಮುಲಿ ಶೆಡ್ಡಿಗೆ ಸೇರೋನಿದ್ದ. ರೇಯೊ ನಿಲ್ತಿದ್ನಲ್ಲ, ಅದೇ ಜಾಗಕ್ಕೆ. ನೀನು ಬಾಗ್ಲು ಹಾಕಿಸ್ಬಿಟ್ಟೆ. ಈಗ ಗೋಥೆನ್‌ಬರ್ಗ್‌ನಲ್ಲಿ ಬಸ್ ಓಡಿಸ್ತಾನೆ. ಕ್ರಿಸ್ಮಸ್‌ಗೂ ಬರಲ್ಲ. ಫೋನ್ ಮಾಡಿದ್ರೆ ನಂಗೆ ಕೇಳ್ಸಲ್ಲ ಅಂತ ಅದನ್ನೂ ಬಿಟ್ಟ." ತೌನೊ ಉಸಿರೆಳೆದುಕೊಂಡ. "ಇದಾನೆ. ಎಲ್ಲೋ ಒಂದ್ ಕಡೆ ಇದಾನೆ. ನಿನ್ ಮೇಲಿನ್ ಸಿಟ್ಟು ಹೋಗಿಲ್ಲ, ಹೋಗೋದೂ ಇಲ್ಲ. ಆದ್ರೆ ನಿದ್ದೆ ಬರುತ್ತೆ ಕಣೋ ನಂಗೆ. ರೇಯೊ ಹೋದ್ಮೇಲೆ ಒಂದ್ ದಿನಾನೂ ಬಂದಿರ್ಲಿಲ್ಲ. ಶೆಡ್ಡಿಗೆ ಬೀಗ ಬಿದ್ದ ರಾತ್ರಿ ಬಂತು. ಅದನ್ನ ನಿಂಗೆ ಹೇಳೋಕೇ ಆಗ್ಲಿಲ್ಲ."

ನೆಟ್ಟಗೆ ನಿಂತ. ತಲೆ ಬಗ್ಗಿಸಿದ. ತನ್ನ ಗುಟ್ಟು ತನ್ನಲ್ಲೇ ಇದೆ ಎನ್ನುವ ಬಿಗಿ ಮುಖ ಮಾಡಿಕೊಂಡು, ಯಾರನ್ನೂ ನೋಡದೆ ತನ್ನ ಜಾಗಕ್ಕೆ ನಡೆದ. ಜನವೆಲ್ಲ ಹಾಡಿನ ಪುಸ್ತಕದೊಳಗೆ ಮುಖ ಹುದುಗಿಸಿತು. ಕೇಳಿಸಿತೆಂದು ಅವನಿಗೆ ಯಾರೂ ಯಾವತ್ತೂ ಹೇಳುವುದಿಲ್ಲ. ಅಷ್ಟು ಮರ್ಯಾದೆ ಆ ಊರಿಗೆ ಇತ್ತು. ಹಿಂದಿನ ಸಾಲಿನ ಕಿವಿ ಮಂದದ ಶೆಡ್ಡಿನವರಲ್ಲಿ ಹಲವರಿಗೆ ಕೇಳಿಸಿರಲೂ ಇಲ್ಲ.

ಸೈಮಿಗೆ ಅಳು ಒತ್ತಿಕೊಂಡು ಬಂತು, ಜೊತೆಗೇ ಸಿಟ್ಟೂ. ಈ ಮಾತನ್ನು ಬದುಕಿದ್ದವನಿಗೆ ಹೇಳಬಾರದಿತ್ತೇ? ಬೇಲಿಯ ಆಚೆಯಿಂದ ಹೇಳಿದ್ದರೂ ಸಾಕಿತ್ತು. ಅಷ್ಟು ವರ್ಷ ಊಟದ ಮೇಜಿನ ಎದುರು ತಲೆ ತಗ್ಗಿಸಿ ಕೂರುತ್ತಿದ್ದ ಮನುಷ್ಯ ಒಂದು ತುತ್ತು ನೆಮ್ಮದಿಯಿಂದ ತಿನ್ನುತ್ತಿದ್ದ.

ಪಾದ್ರಿಯಮ್ಮ ಹೊರುವವರ ಕಡೆ ತಲೆಯಾಡಿಸಿದಳು. ಐವರು ಎದ್ದು ತಂತಮ್ಮ ಜಾಗದಲ್ಲಿ ನಿಂತರು. ಹಿಂದಿನ ಎಡ ಮೂಲೆ ಖಾಲಿ. ಅಂತ್ಯಕ್ರಿಯೆ ಆಫೀಸಿನ ಮನುಷ್ಯ ಡ್ರೈವರನಿಗೆ ಕಣ್ಣಲ್ಲೇ ಸನ್ನೆ ಮಾಡುವುದರೊಳಗೆ ಸೈಮಿ ಎದ್ದು ಬಂದು ಅವನ ಕೈಯಿಂದ ಪಟ್ಟಿ ಕಿತ್ತುಕೊಂಡಳು.

"ಅಮ್ಮ, ನಿನ್ನ ಸೊಂಟ," ಎಂದಳು ಮಾರ್ಯಾ.

"ಸುಮ್ನಿರು."

ಹಿಡಿಗೆ ಪಟ್ಟಿ ಸಿಕ್ಕಿಸಿ ಹೆಗಲ ಮೇಲೆ ಹಾಕಿಕೊಂಡಳು. ಎತ್ತಿದರು. ಭಾರ ಅವಳು ಎಣಿಸಿದ್ದಕ್ಕಿಂತ ಹೆಚ್ಚಿತ್ತು. ಕೋಟಿನ ಮೇಲಿಂದಲೇ ಪಟ್ಟಿ ಹೆಗಲನ್ನು ಕೊರೆಯಿತು. ಅವಳು ಗಿಡ್ಡ ಹೆಂಗಸು. ಪೆಟ್ಟಿಗೆಯ ಆ ಮೂಲೆ ತಗ್ಗಿತು, ಮೇಲಿದ್ದ ಹೂವುಗಳು ಒಂದು ಬದಿಗೆ ಸರಿದವು. ಹಲ್ಲು ಕಚ್ಚಿ ನಡೆದಳು. ಬಾಗಿಲ ಹತ್ತಿರ ಕೊನೆಯ ಸಾಲು ಬರುವ ಹೊತ್ತಿಗೆ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಬಿದ್ದರೂ ಚಿಂತೆಯಿಲ್ಲ, ಇವರೆದುರಿಗೆ ಇಳಿಸುವುದಿಲ್ಲ ಎಂದುಕೊಂಡಳು.

ಪಕ್ಕದಲ್ಲಿ ಬೆಂಚು ಕಿರುಗುಟ್ಟಿತು. ಅವಳ ಕೈಯ ಸ್ವಲ್ಪ ಕೆಳಗೆ, ಪಟ್ಟಿಯ ಮೇಲೆ, ಇನ್ನೊಂದು ಕೈ ಬಂದು ಕೂತಿತು. ಗೆರೆಗಳೇ ಇಲ್ಲದ, ನುಣುಪಾಗಿ ಬಿಗಿದ ಅಂಗೈ. ಭಾರ ಅರ್ಧಕ್ಕೆ ಇಳಿಯಿತು.

ತೌನೊ ಪಟ್ಟಿಯನ್ನು ಎಳೆದುಕೊಳ್ಳಲಿಲ್ಲ. ಶೆಡ್ಡಿನಲ್ಲಿ ಪಾಳಿ ಬದಲಾಗುವಾಗ, ಬರುವವನು ವಾಲ್ವಿನ ಚಕ್ರದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದ. ಹೋಗುವವನು ತಾನಾಗಿ ಬಿಡುವ ತನಕ ಕಾಯುತ್ತಿದ್ದ. ತೌನೊ ಹಾಗೆ ನಿಂತು, ಅವಳು ಬಿಡಲಿ ಎಂದು ಕಾದ.

ಅವಳು ಬಿಡಲಿಲ್ಲ.

ಒಂದು ಗಳಿಗೆ ಪೆಟ್ಟಿಗೆ ಹೊಸ್ತಿಲಲ್ಲೇ ನಿಂತಿತು. ಮುಂದಿನವರು ಏನಾಯಿತೆಂದು ತಿರುಗಿ ನೋಡಿದರು. ಆಮೇಲೆ ತೌನೊ ಹೆಜ್ಜೆ ಕಿತ್ತಿಟ್ಟ, ಸೈಮಿಯೂ ಇಟ್ಟಳು. ಒಂದೇ ಪಟ್ಟಿಗೆ ಇಬ್ಬರು ಜೋತುಕೊಂಡು ಮೆಟ್ಟಿಲಿಳಿದರು. ಅವನದು ಉದ್ದ ಕಾಲು, ಅವಳದು ಗಿಡ್ಡ. ಒಬ್ಬರ ಹೆಜ್ಜೆಗೆ ಒಬ್ಬರ ಹೆಜ್ಜೆ ಹೊಂದದೆ, ಹೆಗಲಿಗೆ ಹೆಗಲು ತಾಗಿಸಿಕೊಂಡು ಹೋಗುತ್ತಿದ್ದರು. ರಾಡಿಯಲ್ಲಿ ಅವರ ಬೂಟು ಜಾರಿದಾಗಲೆಲ್ಲ ಪೆಟ್ಟಿಗೆ ಆ ಬದಿಗೆ ತುಸು ವಾಲುತ್ತಿತ್ತು, ಮತ್ತೆ ಸರಿಯಾಗುತ್ತಿತ್ತು.